ನಾಕು ಸ್ಕ್ರೂ

ಬಾ ಯಲಗೂರಾ, ಚಪ್ಪಲಿ ಅಲ್ಲೇ ಬಿಡು.
ಗೇಟಿನ ಚಿಲಕ ನಿನ್ನ ಹಣೀಮಟ ಐತಿ ನೋಡು,
ಸಣ್ಣ ಕೈಗೆ ಸಿಗಬಾರದಂತ ನಾನ ಏರಿಸಿ ಹೊಡದದ್ದು.
ಆದ್ರ ಬಾಜೂಕ ಯಾರಾರ ಕುರ್ಚಿ ಬಿಟ್ರಂದ್ರ
ಚಿಲಕ ಇದ್ದೂ ಇಲ್ಲ.
ಮೊದಲ ಕುರ್ಚಿ ಸರಸು. ಆಮ್ಯಾಲ ಚಹಾ.

ಈ ಶಿವೋಲ್ಯಾಗ ರಾತ್ರಿಯೆಲ್ಲಾ ಎಲಿ ಉದರತಾವ,
ಗೋಡಂಬಿದು, ಚಿಕ್ಕೂದು, ಗ್ವಾಡಿ ಆಚೆ ಪೌಲೀನಬಾಯಿ ಮಾವಿಂದು.
ಜಾಳಗಿಕೋಲು ನೀರಿಗೆ ಬಡಿಬ್ಯಾಡ,
ಹಾಲಿನ ಕೆನಿ ತಗಿತಾರಲ್ಲ, ಹಂಗ ತಗಿ.
ಬಾಯಿಬುಟ್ಟ್ಯಾಗ ಕೈ ಹಾಕೂ ಮುಂಚೆ ಇಣಕು:
ಒಮ್ಮೊಮ್ಮೆ ಕಪ್ಪಿ, ಒಮ್ಮೊಮ್ಮೆ ಹಾವಿನ ಮರಿ,
ಒಂದಸಲ ಯಾವನೋ ಗೆಸ್ಟಿನ ಹಲ್ಲಿನ ಸೆಟ್ಟು.
ಕಪ್ಪಿ ಬದುಕಿತ್ತಂದ್ರ ಬಾಳಿಗಿಡದ ಬುಡಕ್ಕ ಬಿಡು.
ಹಲ್ಲು ಆಫೀಸಿಗೆ ಕೊಡು.

ಇವು ಎರಡು ಗಾಜಿನ ನಳಿಗಿ.
ಒಂದರಾಗ ಹಳದಿ ಬರ್ತೈತಿ, ಲಿಂಬಿ ಶರಬತ್ತಿನಷ್ಟಿದ್ರ ಸಾಕು,
ಅರಿಷಿಣದಂಗ ಕಟ್ಟಿದ್ರ ಯಾರನ್ನೂ ಇಳಸಬ್ಯಾಡ.
ಇನ್ನೊಂದರಾಗ ಕೆಂಪು, ಕುಂಕುಮದ ಕೈ ತೊಳದ ನೀರು.
ಮೂಗು ಸುಡೂ ಹಂಗ ವಾಸನಿ ಬಂತಂದ್ರ
ಔಷಧ ಹೆಚ್ಚಾತಂತ ಎಲ್ಲಾರೂ ಅಂತಾರ.
ಸುಳ್ಳು.
ಬೆವರಿನ ಕೂಡ, ಉಚ್ಚಿ ಕೂಡ ಹೊಡದಾಡಿ
ಸೋತ ಔಷಧದ ವಾಸನಿ ಅದು.
ಚೊಕ್ಕ ನೀರು ಮೂಗಿಗೆ ಗೊತ್ತಾಗಂಗಿಲ್ಲ.

ಕ್ಲೋರಿನ್ ಡಬ್ಬಿ ಈ ಕಡೆ, ಆ್ಯಸಿಡ್ ಕ್ಯಾನು ಆ ಕಡೆ,
ಅವು ಎಣ್ಣಿ-ಸೀಗಿಕಾಯಿ, ಒಂದ ಖೋಲ್ಯಾಗ ಇಡಬ್ಯಾಡ.
ಆ್ಯಸಿಡ್ಡು ನೀರಿಗೆ ಹಾಕೂದು. ನೀರು ಆ್ಯಸಿಡ್ಡಿಗಲ್ಲ.
ಹಂಗಂತ ನನಗ ಕಲಿಸಿದ್ದು
ನೋಡಿಲ್ಲೆ, ಈ ಮುಂಗೈ.

ಈಗ ದಂಡಿಗೆ ಬಾ. ಬಗ್ಗಬ್ಯಾಡ, ನಿಂತ ನೋಡು.
ಎಂಟು ಫೂಟು ತಳದಾಗ ಜಾಲರಿ ಕಾಣತೈತಿ?
ಅದಕ್ಕ ನಾಕು ಸ್ಕ್ರೂ.
ನಾಕೂ ಎಣಸಾಕ ಬಂದ್ರನ ಇದು ನೀರು,
ಇಲ್ಲಂದ್ರ ಎಷ್ಟ ನೀಲಿ ಇದ್ರೂ ಬರೇ ಬಣ್ಣ.

ಅದೊಂದು ವರ್ಷ, ನತಾಳದ ಹಿಂದಿನ ದಿನ, ನಾ ಮೂರು ಎಣಸಿದೆ.
ಮತ್ತ ಎಣಸಿದೆ. ಮೂರು.
ಜಾಲರಿ ಒಂದು ಮೂಲ್ಯಾಗ ಎದ್ದು
ಪಂಪಿನ ಉಸಿರಿಗೆ ತಟತಟ ಬಡೀತಿತ್ತು.
ಮ್ಯಾಲ ದಿಲ್ಲಿಯವರ ಮಗಳು, ಏಳೆಂಟು ವರ್ಷದ್ದು,
ಸೊಂಟದಮಟ ಜಡಿ,
ಕಾಲು ನೀರಾಗ ಬಿಟ್ಟು ಕುಂತಿತ್ತು.
ಎಲಿ ಎಳದಂಗ ಕೂದಲಾನೂ ಎಳೀತೈತಿ, ತಮ್ಮಾ, ಪಂಪಿಗೆ
ಎರಡೂ ಒಂದ.

ಆ ಕೂಸನ್ನ ಎಬ್ಬಿಸಿ ಗೇಟ ಹಾಕಿ, ಬಾಯಿಗೆ ಖರೇನ ಹೇಳಿದೆ.
ಮಿನೆಜಿಸ್ ಬಾಯಿ ಮುಂಬೈದಾಗ ನಕ್ಕಳು,
‘ಒಂದು ಸ್ಕ್ರೂಗ ಏನಾಕ್ಕೈತಿ? ಲಕ್ಷ ಕೊಟ್ಟಾರ. ತಗಿ.’
ಫೋನು ಇಟ್ಟೆ, ಫ್ಯೂಸು ಕಿತ್ತು ಕಿಸೇದಾಗ ಹಾಕಿದೆ.
ಮತ್ತ ಫೋನು. ‘ಫ್ಯೂಸ ಕಳದೈತ್ರಿ.’
‘ಹೊಸಾದು ತಾ.’
‘ಮ್ಹಾಪ್ಸಾದಾಗ ಅಂಗಡಿ ಮುಚ್ಯಾವ್ರಿ, ಹಬ್ಬ.’
ಇಪ್ಪತ್ತೆರಡು ವರ್ಷದಾಗ ಬಾಯಿಗೆ ಹೇಳಿದ್ದು ಅದೊಂದ ಸುಳ್ಳು.
ಅಲ್ಲ, ಎರಡು.

ಮೂರನೇ ದಿನಕ್ಕ ನೀರು ಹೆಸರಕಟ್ಟಿನಂಗ ಹಸರಾತು,
ನನ್ನ ಕೈಲೇ ಕೆಟ್ಟ ನೀರು.
ನೋಡಲಾರದ ಪಂಪಿನ ಖೋಲ್ಯಾಗ ಮಲಗಿದೆ.
ಮೂರು ದಿನದ ಪಗಾರ ಹೋತು.
ಆ ಹುಡುಗಿ ಕಂಡಾಗೊಮ್ಮೆ ನಾಲಗಿ ಚಾಚಿ ಅಣಕಿಸ್ತಿತ್ತು.
ಪಣಜಿಯಿಂದ ಹೊಸಾ ಜಾಲರಿ ಬರೂದ್ರಾಗ
ಅವರು ವಿಮಾನಕ್ಕ ಹೊಂಟಿದ್ರು,
ಜಡಿ ಒಣಾ ಒಣಾ, ರಿಬ್ಬನ್ ಕಟ್ಟಿತ್ತು.

ನಿನ್ನ ಯಾಕ ಕರಸಿದೆ ಅಂತಿ?
ಹ್ವಾದ ತಿಂಗಳು ನಾ ಐದು ಎಣಸಿದೆ.
ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ
ಎರಡೂ ಕಣ್ಣಿಗೆ ಪೊರಿ ಅಂದ್ರು.
ಕೀಲಿ ಹಿಡಿ. ಫ್ಯೂಸು ಎಲ್ಲೈತಿ ಅಂತ ತೋರಸ್ತೀನಿ,
ಅದನ್ನ ಯಾವಾಗ ಕೀಳೂದು ನಿನಗ ಬಿಟ್ಟದ್ದು.
ಈಗ ಎಣಸು.
ಮನಸಿನ್ಯಾಗ ಅಲ್ಲೋ,
ನನಗ ಕೇಳೂ ಹಂಗ.