ಎಡಗೈ ಬಟ್ಟಲು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನಮ್ಮ ಶೆಡ್ಡು:
ನಾಲ್‌ಬಂದ್ ಇಂಜಿನಿಯರಿಂಗ್ ವರ್ಕ್ಸ್.
ನಾಲಿಗೆ ಅಲ್ಲ ಸಾರ್, ನಾಲು, ಕುದುರೆಯ ಲಾಳ
ಎಂದು ಬ್ಯಾಂಕಿನಲ್ಲೂ ಬಿಡಿಸಿ ಹೇಳಬೇಕು.

ಆತ ಬಂದಾಗ ನಾನು ಹಿಟಾಚಿಯ ಚೈನಿನಡಿ
ಅಂಗಾತ ಮಲಗಿದ್ದೆ. ಮೊದಲು ಕಂಡದ್ದು ಬೂಟು,
ಮುಖ ನೋಡಿಕೊಳ್ಳುವಷ್ಟು ಪಾಲಿಶು.
ಪೆಂಬರ್ಟನ್ ಅಂತೆ. ಇಂಗ್ಲೆಂಡಿನ ಕುದುರೆ ದಂಡಿನವ.
ಕುದುರೆ ಎಲ್ಲಿ, ಎಂದೆ.
ಟ್ಯಾಕ್ಸಿಯ ತಿಪ್ಪೇಶಿ ತರ್ಜುಮೆ ಮಾಡಿದ:
ಅವನಪ್ಪನ ಕಾಲಕ್ಕೇ ಕುದುರೆ ಮಾರಿ
ಟ್ಯಾಂಕು ಹತ್ತಿದರಂತೆ. ಹೆಸರು ಬಿಟ್ಟಿಲ್ಲ,
ಹಿಮ್ಮಡಿಯ ಮುಳ್ಳೂ ಬಿಟ್ಟಿಲ್ಲ.
ಉಕ್ಕಿನ ಹೊಟ್ಟೆಯಲ್ಲಿ ಕೂತು ಯಾರನ್ನು ತಿವಿಯುತ್ತೀರಿ?
ಊಟದ ದಿನ ಮಾತ್ರ, ಅಂದ. ಮೇಜಿನ ಕಾಲನ್ನು.

ಆಮೇಲೆ ಬ್ಯಾಗಿನಿಂದ ದಪ್ಪ ಪುಸ್ತಕ ತೆಗೆದ.
ಇನ್ನೂರು ವರ್ಷದ ಹಿಂದಿನ ಆಷಾಢ,
ತುಂಗೆಯ ದಂಡೆಯಲ್ಲಿ ಅವರ ಡೇರೆ.
ನೆಲವೆಲ್ಲ ಕೆಸರು, ಗೊರಸು ಕೊಳೆತು
ಹಲಸಿನ ತೊಳೆಯಷ್ಟು ಮೆತ್ತಗೆ.
ನಾಲು ಕಟ್ಟಿಸಿಕೊಂಡು ಹೊಳೆಗಿಳಿದರು.
ಕರ್ನಲ್ಲು ಬಲಗೈಯಲ್ಲಿ ಕತ್ತಿ ಎತ್ತಿ ಹಿಡಿದವನು
ಆಚೆ ದಡದ ತನಕ ಇಳಿಸಲಿಲ್ಲ.
ಅದಕ್ಕೇ ಪ್ರತಿವರ್ಷ ಆ ರಾತ್ರಿ
ಎಲ್ಲರೂ ಎಡಗೈಯಲ್ಲಿ ಬಟ್ಟಲೆತ್ತುತ್ತಾರೆ.
ಬಲಗೈ ಮುಟ್ಟಿದವನಿಗೆ ದಂಡ, ಒಂದು ಬಾಟಲಿ.

ನಮ್ಮ ದಾದಿ ಬೀಬಿಜಾನಳ ಕತೆಯಲ್ಲಿ ಕತ್ತಿ ಇಲ್ಲ.
ಕರ್ನಲ್ಲನ ಹೆಣ್ಣುಕುದುರೆ ಕಚ್ಚುವ ಜಾತಿ.
ಬಾಯಿಯ ಕಡೆ ನಿಲ್ಲಬೇಡಿ ಹುಜೂರ್ ಎಂದ
ಬುಡನ್‌ಸಾಬ್, ನನ್ನ ಮುತ್ತಜ್ಜನ ಅಜ್ಜ.
ಹುಜೂರ್ ಅಲ್ಲೇ ನಿಂತರು.
ಬಲಗೈ ದೀಗುಜ್ಜೆಯಂತೆ ಊದಿತು.
ರಾತ್ರಿ ಎಡಗೈಯಲ್ಲಿ ಕುಡಿದರು.
ದೊರೆ ಹೇಗೋ ಹಾಗೆ ಎಂದು
ಉಳಿದವರೂ ಕೈ ಬದಲಿಸಿದರು.

ಒಟ್ಟು ಮುನ್ನೂರ ಹನ್ನೆರಡು ನಾಲು.
ದುಡ್ಡು ಹೊಳೆ ದಾಟಿದ ಮೇಲೆ, ಅಂದರಂತೆ.
ದಾಟಿದರು.
ಅಂಬಿಗನಿಗಾದರೂ ಒಂದು ಗಾದೆ ಇದೆ,
ನಾಲ್‌ಬಂದನಿಗೆ ಅದೂ ಇಲ್ಲ.

ಹೇಳಲಾ, ಎಂದ ತಿಪ್ಪೇಶಿ ತಲೆ ಕೆರೆದುಕೊಂಡು. ಹೇಳು.
ಮುದುಕ ಮೊದಲು ಕೆಂಪಾದ, ಆಮೇಲೆ
ಕಣ್ಣಲ್ಲಿ ನೀರು ಬರುವ ತನಕ ನಕ್ಕ.
ಕುದುರೆಯ ಹೆಸರೇನು, ಎಂದು ಪೆನ್ನು ತೆಗೆದ.
ಗೊತ್ತಿಲ್ಲ. ದಾದಿ ಅವಳನ್ನು ಮೇಮ್‌ಸಾಬ್ ಎನ್ನುತ್ತಿದ್ದಳು.

ಹೊಳೆ ದಾಟಿ ಏನು ಮಾಡಿದಿರಿ, ನಗರದ ಕಡೆ,
ದಂಗೆಯೆದ್ದ ಹಳ್ಳಿಗಳಲ್ಲಿ?
ಪುಟ ಮಗುಚಿದ. ಮತ್ತೆ ಮಗುಚಿದ.
ಇಲ್ಲಿ ಮಳೆಯ ವಿವರ ಮಾತ್ರ ಇದೆ, ಅಂದ.
ನಾನೂ ಸುಮ್ಮನಾದೆ.
ದಾದಿಯ ಕತೆಯೂ ದಡಕ್ಕೇ ನಿಲ್ಲುತ್ತಿತ್ತು.
ಆ ಹಳ್ಳಿಗಳಿಗೆ ಅವರನ್ನು ಜಾರದಂತೆ ಒಯ್ದದ್ದು
ನಾವು ಹೊಡೆದ ಮೊಳೆ.

ಮಾತಿಲ್ಲದ ಹೊತ್ತಿನಲ್ಲಿ ಆತ ಮೊಣಕಾಲೂರಿದ.
ಚೈನಿನ ಕೊಂಡಿ ಕೊಂಡಿ ತಡವುತ್ತಾ ಹೋಗಿ
ಒಂದರ ಮೇಲೆ ಬೆರಳಿಟ್ಟು ಸುತ್ತಿಗೆ ಕೇಳಿದ.
ಮೂರು ಪೆಟ್ಟು. ಸವೆದ ಪಿನ್ನು ಹೊರಬಿತ್ತು.
ನಾನು ಬೆಳಗಿಂದ ಹುಡುಕುತ್ತಿದ್ದದ್ದು ಅದನ್ನೇ.
ಚೈನು ಕಳಚಿದರೆ ಕೆಸರಿನಲ್ಲಿ
ಸಾಹೇಬನೂ ಇಲ್ಲ ಸಿಪಾಯಿಯೂ ಇಲ್ಲ, ಅಂದ.
ಬೂಟು ಹಾಳಾಗಿತ್ತು.

ಚಹಾ ಬಂತು. ಬಲಗೈ ಚಾಚಿದವನು
ಗ್ಲಾಸಿನ ಹತ್ತಿರ ಒಂದು ಕ್ಷಣ ತಡೆದ.
ಬಲಗೈಯಲ್ಲೇ ತೆಗೆದುಕೊಂಡ.

ಸಂಜೆ ಹಿಟಾಚಿಯ ಬಿಲ್ಲು ಬರೆಯುವಾಗ ನೆನಪಾಯಿತು:
ಪಿನ್ನು ಬಿಚ್ಚಿದ ಕೂಲಿ, ಐವತ್ತು ರೂಪಾಯಿ,
ನನ್ನದಲ್ಲ.
ತಿಪ್ಪೇಶಿಗೆ ಫೋನು ಮಾಡಿದೆ.
ಎಲ್ಲಿದ್ದೀಯ?
ಈಗಷ್ಟೇ ಸೇತುವೆ ಅಣ್ಣ, ಅಂದ,
ಹೊಳೆ ದಾಟಿದೆವು.