ನಡುವಿನ ತೆರಪು

ಬೆಟಗೇರಿ. ರಾತ್ರಿ ಹನ್ನೊಂದೂ ಕಾಲು.
ಫಟ್ ಅಂತು.
ಮಾಸ್‌ಫೆಟ್ ಆರೂ ಹೋದವು, ಒಂದರ ಹೊಟ್ಟಿ ಬಿರಿದು
ಟ್ಯೂಬ್‌ಲೈಟಿನ ತನಕ ಹಾರಿತು ಕರೀ ಚೂರು.
ಗ್ವಾಡಿ ಆಚೆಯಿಂದ ಶಾಕವ್ವ ಕೂಗಿದಳು:
"ವಿರುಪಾಕ್ಷಿ, ಅದೀಯೋ ಇಲ್ಲೋ?"
ಅದೀನಿ, ಅಂದೆ.
(ಹೆಸರು ಕೇಳಿ ನಗಬ್ಯಾಡ್ರಿ, ಅದು ಬನಶಂಕರಿದು;
ನನಗ ಹೊಡದ ಶಾಕು ಬ್ಯಾರೆ ಲೆಕ್ಕ.)

ಹಗಲೆಲ್ಲಾ ಅಂಚೆ ಕಚೇರಿಯೊಳಗ ಠಸ್ಸೆ ಒತ್ತಾಂವ ನಾನು.
ರಾತ್ರಿ, ಅಣ್ಣನ ಹಳೇ ಲೂನಾಕ್ಕ ಮೋಟಾರು ಕಟ್ಟಿ
ಎಪ್ಪತ್ತೆರಡು ವೋಲ್ಟು, ನೂರು ಆಂಪಿಯರು
ಹತೋಟಿಗೆ ತರತೀನಂತ ಕುಂತಾಂವ.
ಕಾಗದದ ಮ್ಯಾಲ ಎಲ್ಲಾ ಸರಿ ಐತಿ.
ಕಾಗದಕ್ಕ ಬಿಸಿ ಆಗೂದಿಲ್ಲ.

ಹುಬ್ಬಳ್ಳಿಯಿಂದ ತಂದ ಮೊದಲನೇ ಡಜನ್ ಖೊಟ್ಟಿ ಮಾಲು:
ಸ್ಪಿರಿಟ್ಟಿನ ಅರಿವಿಗೆ ಮೈಮ್ಯಾಲಿನ ನಂಬರು ಅಳಿಸಿ ಬಂತು.
ಎರಡನೇ ಸರತಿ ಸುಟ್ಟದ್ದು ವೈರು ಗೇಣುದ್ದ ಹೆಚ್ಚಾಗಿ.
ಅಷ್ಟು ದೂರ ಓಡಿಬಂದ ಕರೆಂಟು
ನಿಲ್ಲಂದ್ರ ನಿಲ್ಲತೈತೇನು? ಮುಗಲಿಗೆ ಜಿಗೀತೈತಿ ವೋಲ್ಟೇಜು.
ಮೂರನೇದಕ್ಕ ಕಾರಣ ಗೊತ್ತಿಲ್ಲ.
ಬಾಳಷ್ಟಕ್ಕ ಗೊತ್ತಿಲ್ಲ.

ಸ್ವಿಚ್ಚು ಆರಿಸಿದ ಮ್ಯಾಲೂ ಕೆಪ್ಯಾಸಿಟರು ಮರಿಯೂದಿಲ್ಲ,
ಸ್ಕ್ರೂಡ್ರೈವರಿನ ಮೂಗು ಕರಗಿದ್ದು ಅದಕ್ಕ.
ಈಗ ನೂರು ವ್ಯಾಟಿನ ಬಲ್ಬು ನಡುವ ಸಿಗಿಸೀನಿ:
ತಪ್ಪಾದ್ರ ಅದು ಝಗ್ ಅಂತೈತಿ, ನನ್ನ ಪಗಾರ ಉಳೀತೈತಿ.

ಮರುದಿನ ಶಾಕವ್ವ ಮಗ್ಗ ಬಿಟ್ಟು ಎದ್ದು ಬಂದು
ಸುಟ್ಟದ್ದನ್ನ ಮೂಸಿ ನೋಡಿದಳು.
"ಮ್ಯಾಲಿಂದು ಕೆಳಗಿಂದು ಎರಡೂ ಒಮ್ಮೆಗೇ ತೆರೀತಾವೇನು?"
"ಇಲ್ಲವಾ. ಒಂದು ಮುಚ್ಚಿದ ಕೂಡ್ಲೆ ಇನ್ನೊಂದು."
"ಕೂಡ್ಲೆ ಅಂದ್ರ ಎಷ್ಟೊತ್ತು?
ಲಾಳಿ ದಂಡಿ ಮುಟ್ಟೂ ಮದ್ಲ ಕಾಲು ಬದಲಿಸಿದ್ರ
ಎಳಿ ಹರೀತಾವೋ ಹುಚ್ಚಾ.
ತುಸು ಸುಮ್ಮನಿರಬೇಕು."

ಪುಸ್ತಕದಾಗ ಅದಕ್ಕ ಡೆಡ್ ಟೈಮ್ ಅಂತಾರ, ಸತ್ತ ಹೊತ್ತು.
ಓದಿದ್ದೆ ನಾನು. ಐನೂರು ನ್ಯಾನೊಸೆಕೆಂಡು ಅಂತ ಬರಕೊಂಡೂ ಇದ್ದೆ.
ಅವಸರಕ್ಕ ಬಿದ್ದು ಇನ್ನೂರಕ್ಕ ಇಳಿಸಿದ್ದೆ.
ಆಕಿ ಅದನ್ನ ಸತ್ತದ್ದು ಅನಲಿಲ್ಲ.

ನಿನ್ನೆ ಎಂಟುನೂರಕ್ಕ ಇಟ್ಟೆ. ಬಲ್ಬು ಮಿಣುಕಲಿಲ್ಲ.
ಉಸುರು ಹಿಡಿದು ಬಲ್ಬು ತಗದೆ, ನೇರ ಕೊಟ್ಟೆ.
ಗಾಲಿ ತಿರುಗಿತು, ಜೇನಿನ ಸಪ್ಪಳ,
ಹನ್ನೊಂದು ಸೆಕೆಂಡು.
ಆಮ್ಯಾಲ ಫ್ಯೂಸು ಹೋತು. ಬರೇ ಫ್ಯೂಸು.

ಕತ್ತಲಾಗ ಕುಂತೆ. ಗ್ವಾಡಿ ಆಚೆ ಮಗ್ಗ ನಡದಿತ್ತು,
ಟಕ್
ಟಕ್
ನಡುವ ಎಷ್ಟಿರತೈತಿ ಅಂತ
ಎಣಸಾಕ ಹತ್ತಿದೆ.