ಗಂಜಿ ಹಾಕಿದ ಬಿಳಿ

ರಾತ್ರಿ ಒಂಬತ್ತಕ್ಕೆ ಕೆ.ಟಿ.ಜೆ. ನಗರದ ನಮ್ಮ ಕ್ರಾಸು
ಪೂರಾ ಟಿವಿ ಮುಂದೆ.
ನಾನೂ ಇಸ್ತ್ರಿಪೆಟ್ಟಿಗೆಯ ಕೆಂಡ ಬೂದಿಗೆ ಸುರಿದು
ಬುಡೇನ್‌ಸಾಬರ ಅಂಗಡಿ ಕಟ್ಟೆ ಮೇಲೆ ಕೂರ್ತೀನಿ.
ಹೆಸರು ಬದಲಿಸ್ಯಾರೆ. ಧಾರಾವಾಹಿಯಾಗೆ ಅವರು ವೀರಸೇನ ರಾವ್,
ಊರು ಯಾವುದೋ ಸಮುದ್ರದ ಪಕ್ಕ.
ಆದ್ರೆ ಎಡಗೈಲಿ ಕಾಲರು ಸರಿಮಾಡ್ಕೊಳ್ಳೋದು
ಯಾರ ಚಾಳಿ ಅಂತ ಇಡೀ ಕ್ರಾಸಿಗೆ ಗೊತ್ತು.
"ತಿಪ್ಪೇರುದ್ರಪ್ಪನೋರೇ ಕಣೇ, ಹನುಮಕ್ಕ!"
ನಾನು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ.

ಇವತ್ತು ಅವರು ಬೀಳೋ ಎಪಿಸೋಡು.
ಗುಡುಗು. ಪಿಟೀಲು. ಒಂದೇ ಮುಖ ಮೂರು ಸಲ.
ಫೋನು ಜಾರಿ ಗಾಜಿನ ಮೇಜು ಒಡೀತು,
ಹೆಂಡತಿ ಮೆಟ್ಟಿಲಿಳಿದು ಬರೋದ್ರಾಗೆ ಸೋಪು, ಸಿಮೆಂಟು, ಅಡಿಗೆ ಎಣ್ಣೆ.
ನಾ ನೋಡಿದ್ದು ಅಂಗಿ. ಮುದ್ದೆಮುದ್ದೆ,
ಗುಂಡಿ ಎರಡು ಬಿಚ್ಚಿ, ತೋಳು ಒಂದು ಮೇಲೆ ಒಂದು ಕೆಳಗೆ.
ಸುಳ್ಳು.

ಅವತ್ತು ಬೆಳಗಿನ ಐದಕ್ಕೆ ಡ್ರೈವರ್ ಪರಸಪ್ಪ ಬಂದು
"ಗಂಜಿ ಇನ್ನೊಂಚೂರು ಜಾಸ್ತಿ ಇರಲಿ ಅಂದ್ರು" ಅಂದ.
ಹದಿನೆಂಟು ವರ್ಷದಾಗೆ ನಾ ಎಳೆದ ಗೆರೆಗಳಾಗೆ
ಆ ತೋಳಿನದೇ ನೆಟ್ಟಗಿನದು.
ಅದನ್ನ ತೊಟ್ಟು ಹೋಗಿ ರಾಜೀನಾಮೆ ಕೊಟ್ಟು ಬಂದ್ರು.
ಮಳೆ ಇಲ್ಲ ಗಿಳೆ ಇಲ್ಲ. ಚೈತ್ರದ ಬಿಸಿಲು.
ಮಂಡಕ್ಕಿ ಭಟ್ಟಿ ಹೊಗೆ ಎಂದಿನಂಗೆ ಗಾಳಿ ಬಂದ ಕಡೆ ಹೋತು.

ನನಗೆ ಗೊತ್ತಾಗಿದ್ದು ಲೆಕ್ಕದಾಗೆ.
ವಾರಕ್ಕೆ ಹದಿನಾಲ್ಕು ಜೊತೆ ಇದ್ದದ್ದು
ಒಂಬತ್ತಾತು, ಶ್ರಾವಣದ ಹೊತ್ತಿಗೆ ನಾಲ್ಕು.
ಆಮೇಲೆ ಗಂಜಿ ಬ್ಯಾಡ ಅಂದ್ರು.
ಆಮೇಲೆ ಪರಸಪ್ಪ ಬರಲಿಲ್ಲ.

ಒಂದಿನ ಅವರೇ ಬಂದ್ರು, ನಡಕೊಂಡು,
ಕಂಕುಳಾಗೆ ಗಂಟು.
ಕಾಲೇಜು ಹುಡುಗನ ಹಿಂದೆ ನಿಂತ್ರು.
ಹುಡುಗ ಕಿವಿಗೆ ವೈರು ಸಿಗಿಸ್ಕೊಂಡಿದ್ದ, ತಿರುಗಿ ನೋಡಲಿಲ್ಲ.
"ಎಷ್ಟಾತು?"
ಆ ಬಾಯಿಂದ ಆ ಮಾತು ಮೊದಲ ಸಲ.
ನಲವತ್ತು ಅಂದೆ. ತಡವಿದ್ರು ಎದೆ ಜೇಬು, ಪಕ್ಕದ ಜೇಬು, ಮತ್ತೆ ಎದೇದು.
ದುಡ್ಡು ಹೊತ್ತು ರೂಢಿಯಿಲ್ಲ ಅವಕ್ಕೆ.
"ನಾಳೆ ಕೊಡ್ತೀನವ್ವಾ."

ಆ ಜೇಬು ನನಗೆ ಗೊತ್ತಿದ್ದಂಗೆ
ಈ ಕತೆ ಬರೆದೋರಿಗೆ ಗೊತ್ತಿಲ್ಲ.
ಮೆಷಿನ್ನಿಗೆ ಹಾಕಿ ಕಳಿಸಿದ ಅಂಗಿಯಾಗೆ
ಅರ್ಜಿ ಸಿಗೋವು, ನೆಂದು ಒಣಗಿ ಹಪ್ಪಳದಂಗೆ:
ಹರಿಹರದ ವಿಧವಾ ವೇತನ, ಜಗಳೂರಿನ ಬೋರ್‌ವೆಲ್ಲು,
ಯಾರದೋ ಮಗಂಗೆ ಹಾಸ್ಟೆಲ್ ಸೀಟು.
ಬಿಡಿಸಿ, ಒತ್ತಿ, ಅಂಗಿ ಜೊತೆ ವಾಪಸ್ ಇಡ್ತಿದ್ದೆ.
ಒಂದ್ಸಲ ನನ್ನದೇ ಸಿಕ್ತು.
ಮುನ್ಸಿಪಾಲ್ಟಿಯೋರು ಗಾಡಿ ಎತ್ತಬಾರದು ಅಂತ
ಮೊಮ್ಮಗಳ ಕೈಲಿ ಬರೆಸಿದ್ದು.
ಅಕ್ಷರ ಕರಗಿತ್ತು, ಹೆಬ್ಬೆಟ್ಟು ಉಳಿದಿತ್ತು.
ಅದಕ್ಕೂ ಬಿಸಿ ಮುಟ್ಟಿಸಿ, ಮಡಿಚಿ, ಅದೇ ಜೇಬಿಗೆ ಇಟ್ಟೆ.
ಮುಂದಿನ ವಾರ ಅಲ್ಲೇ ಇತ್ತು, ಇನ್ನೂ ತೆಳ್ಳಗೆ.

"ಅಳ್ತಾನೆ ನೋಡು, ಪಾಪ" ಅಂತ ಗುರುಶಾಂತಕ್ಕ ಮೂಗೊರೆಸಿದ್ಲು.
ವೀರಸೇನ ರಾವ್ ಕಿಟಕಿ ಸರಳು ಹಿಡಿದು ನಿಂತಾರೆ.
ಮುಂದುವರಿಯುವುದು ಅಂತ ಬಂತು.
ಬುಡೇನ್‌ಸಾಬರು ಷಟರ್ ಎಳೆದ್ರು.

ನನ್ನ ಹತ್ರ ಇನ್ನೂ ಅವರ ಎರಡು ಅಂಗಿ ಅದಾವೆ.
ಒಯ್ಯಾಕೆ ಯಾರೂ ಬಂದಿಲ್ಲ.
ಹದಿನೈದು ದಿನಕ್ಕೊಮ್ಮೆ ಧೂಳು ಕೊಡವಿ ಇಸ್ತ್ರಿ ಹೊಡೀತೀನಿ.
ಅದಕ್ಕೂ ಮೊದಲು
ಜೇಬಿಗೆ ಕೈ ಹಾಕಿ ನೋಡ್ತೀನಿ. ರೂಢಿ.